ಕಾಯಕದ ಪೀಠಕ್ಕೆ ಹೆಣ್ಣು ಗಂಡೆಂಬ ಭೇದವುಂಟೆ?

ಮನೆಯೊಳಗೆ ತಾಯಿಯ ಮಾತಿಗೆ ತಲೆಬಾಗುವ ಸದ್ಭಕ್ತನೇ, ಕಛೇರಿಯಲ್ಲಾಗಲಿ ಸಭೆಯಲ್ಲಾಗಲಿ ಹೆಣ್ಣೊಬ್ಬಳು ಮೇಲಧಿಕಾರಿಯಾಗಿ ಆಜ್ಞೆಯಿತ್ತರೆ ಮುಖ ಗಂಟಿಕ್ಕುವುದುಂಟು. ಹೆಂಗಸಿನ ಕೈಕೆಳಗೆ ದುಡಿಯುವುದೆಂತು ಎಂದು ಅವನ ಮನಸ್ಸು ಹಿಂಜರಿಯುವುದು. ಈ ಹಿಂಜರಿಕೆಯು ಶರಣಧರ್ಮಕ್ಕೆ ಸಮ್ಮತವೆ? ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯನ್ನು ಪರಿಶೀಲಿಸಿದರೆ ಈ ಪ್ರಶ್ನೆಗೆ ಉತ್ತರವು ದೊರೆಯುವುದು.

12ನೆಯ ಶತಮಾನದಲ್ಲಿ ಲಕ್ಕಮ್ಮ ಮಾರಯ್ಯ ದಂಪತಿಗಳು ಕಲ್ಯಾಣಕ್ಕೆ ಬಂದು, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನಾಯ್ದು ದಾಸೋಹ ನಡೆಸುತ್ತಿದ್ದರೆಂಬುದು ಪ್ರಸಿದ್ಧವಾದ ಸಂಗತಿ. ಒಂದು ದಿನ ಮಾರಯ್ಯನು ನಿತ್ಯದ ಮಿತಿಯನ್ನು ಮೀರಿ ಹೆಚ್ಚು ಅಕ್ಕಿಯನ್ನು ತಂದನು. ಅದನ್ನು ಕಂಡ ಲಕ್ಕಮ್ಮನು ಸಂತೋಷಪಡಲಿಲ್ಲ. ಅಗತ್ಯಕ್ಕೆ ಮೀರಿದ ಆಸೆಯು ಶಿವಭಕ್ತರಿಗೆ ಸಲ್ಲದೆಂದು ತಿಳಿಯಹೇಳಿ, ಹೆಚ್ಚಿನ ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳುಹಿದಳು. ಮತ್ತೊಮ್ಮೆ ಆತನು ಅನುಭಾವದ ಮಾತಿನಲ್ಲಿ ಮೈಮರೆತಿರಲು, ಕಾಯಕವು ನಿಂತಿರುವುದೆಂದು ಎಚ್ಚರಿಸಿದವಳೂ ಅವಳೇ.

ಇಲ್ಲಿ ಗಮನಿಸತಕ್ಕ ಅಂಶಗಳು ಎರಡು. ಲಕ್ಕಮ್ಮನಿಗೆ ಯಾವ ಪದವಿಯೂ ಇರಲಿಲ್ಲ. ಕಾಯಕದ ಮರ್ಮವನ್ನರಿತ ನಿಷ್ಠೆಯೇ ಅವಳ ಅಧಿಕಾರ. ಇದು ಮೊದಲನೆಯದು. ಮಾರಯ್ಯನು ಆ ಮಾತನ್ನು ಹೆಂಡತಿಯ ಮಾತೆಂದು ತಳ್ಳಿಹಾಕದೆ, ಅಕ್ಕಿಯನ್ನು ಹಿಂದಿರುಗಿಸಿ ಬಂದನು. ಇದು ಎರಡನೆಯದು. ಹಾಗೆ ಮಾಡಿದುದರಿಂದ ಅವನು ಕಿರಿಯನಾಗಲಿಲ್ಲ. ತಿದ್ದಿದವಳ ಹಿರಿಮೆಯಂತೆಯೇ ತಿದ್ದಿಸಿಕೊಂಡವನ ಹಿರಿಮೆಯನ್ನೂ ಲೋಕವು ಇಂದಿಗೂ ಕೊಂಡಾಡುತ್ತಿದೆ. ಲಕ್ಕಮ್ಮನ ವಚನಗಳ ಅಂಕಿತದಲ್ಲಿ ಪತಿಯ ಹೆಸರೇ ಸೇರಿಕೊಂಡಿರುವುದರಿಂದ, ತಿದ್ದುವುದು ಪ್ರೀತಿಗೆ ವಿರೋಧವಲ್ಲವೆಂಬುದೂ ಸ್ಪಷ್ಟವಾಗುವುದು.

ಈ ತತ್ತ್ವವನ್ನು ಬಲ್ಲ ನಾಡಿನಲ್ಲಿಯೇ ಇದಕ್ಕೆ ವಿಪರೀತವಾದ ನಡೆಯು ಬಹುಕಾಲ ಉಳಿದುಬಂದಿತು. ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದ ಸಿ. ಬಿ. ಮುತ್ತಮ್ಮನವರು ಭಾರತದ ವಿದೇಶಾಂಗ ಸೇವೆಯನ್ನು ಸೇರಿದ ಮೊದಲ ಮಹಿಳೆ. ಮದುವೆಯಾದರೆ ಕೆಲಸವನ್ನು ಬಿಡಬೇಕಾದೀತೆಂಬ ಕರಾರಿಗೆ ಅವರು ಸಹಿ ಹಾಕಬೇಕಾಯಿತು. 1970ರಲ್ಲಿ ಅವರು ಹಂಗೆರಿ ದೇಶಕ್ಕೆ ರಾಯಭಾರಿಯಾದರು. ಮುಂದೆ ಮೇಲಿನ ದರ್ಜೆಯು ತಮಗೆ ತಪ್ಪಿದಾಗ, ಹೆಣ್ಣೆಂಬ ಕಾರಣದಿಂದಲೇ ಹೀಗಾಯಿತೆಂದು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ವಿಚಾರಣೆಯು ಮುಗಿಯುವ ಮುನ್ನವೇ ಸರಕಾರವು ಅವರಿಗೆ ಬಡ್ತಿಯನ್ನಿತ್ತಿತು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಸಂಸಾರದ ಹೊಣೆಯು ಕೆಲಸಕ್ಕೆ ಅಡ್ಡಿಯೆನ್ನುವುದಾದರೆ ಆ ಅಡ್ಡಿಯು ಗಂಡಸಿಗೂ ಬರಬಹುದಲ್ಲವೆ ಎಂಬ ಅರ್ಥದ ಮಾತನ್ನಾಡಿ, ಆ ನಿಯಮಗಳಲ್ಲಿನ ಪಕ್ಷಪಾತವನ್ನು ಖಂಡಿಸಿದರು. ಸಂಸಾರವು ಇಬ್ಬರದಾದ ಮೇಲೆ ಅದರ ಭಾರವನ್ನು ಒಬ್ಬಳ ಅನರ್ಹತೆಯೆಂದು ಎಣಿಸುವುದು ಯಾವ ನ್ಯಾಯ?

ಊರಿನ ಆಡಳಿತದಲ್ಲಿಯೂ ಬಾಗಿಲು ತೆರೆದಿದೆ. ಕರ್ನಾಟಕದಲ್ಲಿ 1983ರ ಕಾಯಿದೆಯು ಪಂಚಾಯತಿ ಸಂಸ್ಥೆಗಳಲ್ಲಿ ಸ್ತ್ರೀಯರಿಗೆ ಶೇಕಡ 25 ಸ್ಥಾನಗಳನ್ನು ಮೀಸಲಿಟ್ಟಿತು. 1992ರ ಸಂವಿಧಾನದ 73ನೆಯ ತಿದ್ದುಪಡಿಯಿಂದ ದೇಶದಾದ್ಯಂತ ಮೂರನೆಯ ಒಂದು ಪಾಲು ಸ್ಥಾನಗಳೂ ಅಧ್ಯಕ್ಷ ಪದವಿಗಳೂ ದೊರೆತವು. 2010ರಲ್ಲಿ ನಮ್ಮ ರಾಜ್ಯವು ಈ ಪಾಲನ್ನು ಅರ್ಧಕ್ಕೆ ಏರಿಸಿತು. ಆದರೂ ಕೆಲವೆಡೆ ಪೀಠ ಹೆಂಡತಿಯದು, ಮಾತು ಗಂಡನದು. ಅವಳು ಸಹಿ ಹಾಕುವಳು, ಅವನು ತೀರ್ಮಾನಿಸುವನು. ಸತ್ಯಶುದ್ಧ ಕಾಯಕವೆಂದರೆ ಅವರವರ ಕಾಯಕವನ್ನು ಅವರವರೇ ಮಾಡುವುದು. ಪರರ ಕಾಯಕದ ಅಧಿಕಾರವನ್ನು ತಾನು ತೆಗೆದುಕೊಳ್ಳುವವನು, ಮಾರಯ್ಯನು ಹಿಂದಕ್ಕೆ ಸುರಿದು ಬಂದ ಆ ಹೆಚ್ಚಿನ ಅಕ್ಕಿಯನ್ನೇ ತನ್ನ ಮನೆಗೆ ತಂದಂತಾಯಿತು.

ಆದುದರಿಂದ ಸದ್ಭಕ್ತರಾದ ಗೃಹಸ್ಥರು ಆಚರಿಸತಕ್ಕುದು ಇಷ್ಟು. ಹೆಣ್ಣುಮಕ್ಕಳಿಗೆ ಓದಿನೊಡನೆ ಲೆಕ್ಕಪತ್ರವನ್ನೂ ಸಭೆಯಲ್ಲಿ ಮಾತನಾಡುವುದನ್ನೂ ಕಲಿಸಬೇಕು. ಪತ್ನಿಯು ಸಭೆಗೆ ಹೊರಟ ದಿನ ಮನೆಯ ಕೆಲಸಕ್ಕೆ ಪತಿಯು ಕೈಗೂಡಿಸಬೇಕು. ಸಭೆಯಲ್ಲಿ ಅವಳ ಆಸನದಲ್ಲಿ ತಾನು ಕೂಡಬಾರದು. ಮೇಲಧಿಕಾರಿಯು ಸ್ತ್ರೀಯಾಗಿದ್ದರೆ ಅವಳ ಆಜ್ಞೆಯು ನ್ಯಾಯವಾದುದೇ, ಕಾಯಕಕ್ಕೆ ಹಿತವಾದುದೇ ಎಂಬುದನ್ನಷ್ಟೇ ನೋಡಬೇಕು. ನ್ಯಾಯವಾಗಿದ್ದರೆ ಮರುಮಾತಿಲ್ಲದೆ ನಡೆಸಬೇಕು. ತಪ್ಪೆನಿಸಿದರೆ ಪುರುಷನಾದ ಅಧಿಕಾರಿಗೆ ಹೇಗೆ ವಿನಯದಿಂದ ಅರಿಕೆ ಮಾಡಿಕೊಳ್ಳುವೆವೋ ಹಾಗೆಯೇ ಅವಳಿಗೂ ಮಾಡಿಕೊಳ್ಳಬೇಕು.