ಹವೀಜದ ಹೂವೂ ತುಂಬಿಯ ಋಣವೂ

ನಮ್ಮ ಪ್ರಾಚೀನ ಕಾವ್ಯಗಳಲ್ಲಿ ತುಂಬಿಯು ತಾವರೆಯನ್ನು ಅರಸುತ್ತದೆ, ಮಾವಿನ ಹೂವನ್ನು ಮುತ್ತುತ್ತದೆ, ಸಂಪಿಗೆಯನ್ನು ಮಾತ್ರ ತೊರೆಯುತ್ತದೆ. ಈ ಕವಿಸಮಯವನ್ನು ಬೋಧಿಸುತ್ತಿದ್ದಾಗ ರೈತ ಕುಟುಂಬದ ವಿದ್ಯಾರ್ಥಿಯೊಬ್ಬನು, "ಗುರುಗಳೇ, ನಮ್ಮ ಹೊಲದ ಹವೀಜದ ಹೂವಿಗೂ ಜೇನು ಮುತ್ತುತ್ತದೆ. ಅದು ಹೂವಿನಿಂದ ಒಯ್ಯುವುದಷ್ಟೆಯೋ, ಕೊಡುವುದೂ ಉಂಟೋ?" ಎಂದು ಕೇಳಿದನು. ಉತ್ತರವನ್ನು ಹೊಲದಲ್ಲಿಯೇ ಕಾಣುವುದು ಲೇಸೆಂದು ವಿಜ್ಞಾನದ ಉಪಾಧ್ಯಾಯರೊಡನೆ ಮಕ್ಕಳನ್ನು ಕಲಬುರಗಿಯಿಂದ ಕಮಲಾಪುರದ ದಾರಿಯ ಹೊಲವೊಂದಕ್ಕೆ ಕರೆದೊಯ್ದೆವು.

ಕೊತ್ತಂಬರಿ ಕಾಳನ್ನು ಹವೀಜವೆನ್ನುವುದು ನಮ್ಮ ಕಡೆಯ ರೂಢಿ. ಹಿಂಗಾರಿಯಲ್ಲಿ ಎರೆಭೂಮಿಯಲ್ಲಿ ಬಿತ್ತಿದ ಈ ಬೆಳೆ ಚಳಿಗಾಲದಲ್ಲಿ ಹೂಬಿಡುತ್ತದೆ. ಕೊಡೆಯ ಕಡ್ಡಿಗಳಂತೆ ಹರಡಿದ ತೊಟ್ಟುಗಳ ತುದಿಯಲ್ಲಿ ಕಿರುಹೂಗಳು. ಒಂದೊಂದಕ್ಕೆ 5 ಎಸಳು, 5 ಕೇಸರ. ಅಂಚಿನ ಹೂಗಳ ಹೊರ ಎಸಳುಗಳು ಮಾತ್ರ ದೊಡ್ಡವು. ಅವು ಕೀಟಗಳನ್ನು ಕರೆಯುವ ಪತಾಕೆಗಳು. ಮಕರಂದವು ಅಂಡಾಶಯದ ನೆತ್ತಿಯ ಮೇಲೆ ತೆರೆದಿರುವುದರಿಂದ ಹೆಜ್ಜೇನು, ತುಡುವೆಜೇನು, ಕೋಲುಜೇನುಗಳಲ್ಲದೆ ಗಿಡ್ಡನಾಲಗೆಯ ನೊಣಗಳಿಗೂ ಅದು ಸುಲಭಲಭ್ಯ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಹೂವಿನ ಕೇಸರಗಳು ಮೊದಲು ಪರಾಗವನ್ನು ಉದುರಿಸುತ್ತವೆ. ಶಲಾಕಾಗ್ರವು ಅನಂತರ ಪಕ್ವವಾಗುತ್ತದೆ. ಆದಕಾರಣ ಹೂವಿಗೆ ತನ್ನದೇ ಪರಾಗ ಒದಗುವುದು ದುರ್ಲಭ. ಹೂವಿನಿಂದ ಹೂವಿಗೆ ನಡೆದಾಡುವ ಕೀಟದ ಮೈಗೆ ಅಂಟಿದ ಪರಾಗವೇ ಆ ಕೊರತೆಯನ್ನು ನೀಗಿಸುತ್ತದೆ. ಕೀಟವಿಲ್ಲದೆಯೂ ಕೆಲವು ಕಾಳು ಕಟ್ಟಿಯಾವು. ಆದರೆ ಅವು ಬಂದೆಡೆ ಫಸಲು ಹೆಚ್ಚು. ಕಮಲಾಪುರದ ಪ್ರಸಿದ್ಧ ಕೆಂಬಾಳೆಯಾದರೋ ಪರಾಗಸ್ಪರ್ಶವಿಲ್ಲದೆಯೇ ಕಾಯಾಗುತ್ತದೆ. ಒಂದೇ ಸೀಮೆಯ ಎರಡು ಬೆಳೆಗಳಲ್ಲಿ ಎಷ್ಟು ಅಂತರ!

ಮರಳುವಾಗ ಇನ್ನೊಂದು ಹೊಲವನ್ನು ಕಂಡೆವು. ಹೇನಿನ ಬಾಧೆಗೆಂದು ಅಂದು ಮುಂಜಾನೆ ಅರಳಿದ ಹೂವಿನ ಮೇಲೆಯೇ ಔಷಧಿ ಹೊಡೆದಿದ್ದರು. ಗಿಡಗಳ ಬುಡದಲ್ಲಿ ಜೇನುಹುಳುಗಳು ಸತ್ತು ಬಿದ್ದಿದ್ದವು. ಪ್ರಶ್ನೆ ಕೇಳಿದ ಬಾಲಕನು ಒಂದನ್ನು ಅಂಗೈಯಲ್ಲಿಟ್ಟುಕೊಂಡು, "ನಮ್ಮಪ್ಪನೂ ಹೀಗೆಯೇ ಹೊಡೆಯುತ್ತಾರೆ" ಎಂದು ಮೆಲ್ಲನೆ ನುಡಿದನು.

ಅವನಿಗೆ ಹೇಳಿದುದನ್ನೇ ಒಕ್ಕಲುತನದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿಯೂ ಅರಿಕೆ ಮಾಡುತ್ತೇನೆ. ಹೇನನ್ನು ತಿನ್ನುವ ಗುಲಗಂಜಿ ಹುಳುವಿಗೆ ಮೊದಲು ಅವಕಾಶ ಕೊಡಿರಿ. ಔಷಧಿ ಅನಿವಾರ್ಯವಾದರೆ ಹೂಬಿಡುವುದಕ್ಕೆ ಮುನ್ನವೇ ಹೊಡೆಯಿರಿ. ಹೂವಿನ ಕಾಲದಲ್ಲಿ ಹೊಡೆಯಲೇಬೇಕಾದರೆ ಜೇನಿಗೆ ಹಾನಿ ಕಡಿಮೆಯಿರುವುದನ್ನು ಆರಿಸಿ, ಜೇನು ಗೂಡಿಗೆ ಮರಳಿದ ಸಂಜೆಯ ಹೊತ್ತಿನಲ್ಲಿ ಹೊಡೆಯಿರಿ.

ತುಂಬಿಯು ಹನಿ ಮಕರಂದವನ್ನು ಒಯ್ದು ಹಿಡಿ ಕಾಳನ್ನು ಕೊಡುತ್ತದೆ. ಕಾವ್ಯದ ಪಾಠದಲ್ಲಿ ನಾನು ಹೇಳದೆ ಬಿಟ್ಟಿದ್ದ ಈ ಅರ್ಥವನ್ನು ನನಗೆ ಕಲಿಸಿದವನು ಆ ಬಾಲಕ.