ಮೇಲಿನ ಮನೆಯ ಸದ್ದು: ಸಂಘದ ಕಾರ್ಯದರ್ಶಿ ಕಲಿತದ್ದು

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಸಂಘಕ್ಕೆ ನಾನು ಕಾರ್ಯದರ್ಶಿಯಾಗಿದ್ದಾಗ, ನೀರು ಮತ್ತು ಪಾರ್ಕಿಂಗ್ ಬಿಟ್ಟರೆ ಹೆಚ್ಚು ಬರುತ್ತಿದ್ದ ದೂರು ಸದ್ದಿನದೇ. ಆ ಪಂಚಾಯಿತಿಗಳಲ್ಲಿ ಕೂತು ಕಲಿತದ್ದು ಇಷ್ಟು.

1. ಸದ್ದು ಎಲ್ಲಿಂದ ಬರುತ್ತಿದೆ ಅಂತ ಮೊದಲು ಪತ್ತೆ ಮಾಡಿ. ತಲೆಯ ಮೇಲೆ ಕೇಳಿದ್ದೆಲ್ಲ ಮೇಲಿನ ಮನೆಯದಲ್ಲ. ಸ್ಲ್ಯಾಬು, ಬೀಮು, ಪಿಲ್ಲರುಗಳು ಕಂಪನವನ್ನು ಬಹಳ ದೂರ ಒಯ್ಯುತ್ತವೆ. ರಾತ್ರಿಯ ಒಂದು ಗುಂಯ್‌ಗುಡುವ ಸದ್ದಿಗಾಗಿ ನಮ್ಮಲ್ಲಿ ಎರಡು ಮನೆಯವರು ಮಾತು ಬಿಟ್ಟಿದ್ದರು. ನೋಡಿದರೆ ಅದು ಸಂಪಿನಿಂದ ಟೆರೇಸಿಗೆ ನೀರೆತ್ತುವ ಮೋಟಾರಿನದು. ಪೈಪನ್ನು ಗೋಡೆಗೆ ಬಿಗಿದ ಕ್ಲಾಂಪುಗಳಿಂದ ಕಂಪನ ನೇರ ಬೆಡ್‌ರೂಮಿಗೆ ಇಳಿಯುತ್ತಿತ್ತು. ಪ್ಲಂಬರ್ ಕ್ಲಾಂಪುಗಳೊಳಗೆ ರಬ್ಬರ್ ಹಾಕಿ ಅರ್ಧ ದಿನದಲ್ಲಿ ಸರಿಮಾಡಿದ. ಆ ಎರಡು ಮನೆಗಳ ಮಾತುಕತೆ ಸರಿಯಾಗಲು ಹೆಚ್ಚು ಕಾಲ ಹಿಡಿಯಿತು.

2. ಒಂದು ವಾರ ಬರೆದಿಡಿ: ದಿನ, ಹೊತ್ತು, ಎಂಥ ಸದ್ದು. "ಯಾವಾಗಲೂ ಗಲಾಟೆ" ಅಂದರೆ ಎದುರಿನವರು ವಾದಕ್ಕಿಳಿಯುತ್ತಾರೆ. "ಹನ್ನೊಂದರ ಮೇಲೆ ಕುರ್ಚಿ ಎಳೆಯೋ ಸದ್ದು" ಅಂದರೆ ಯೋಚಿಸುತ್ತಾರೆ.

3. ಸದ್ದು ಆಗುತ್ತಿರುವಾಗಲೇ ಹೋಗಿ ಬಾಗಿಲು ಬಡಿಯಬೇಡಿ. ಆಗ ಇಬ್ಬರ ತಲೆಯೂ ಬಿಸಿ ಇರುತ್ತದೆ. ಮರುದಿನ ಸಂಜೆ ಹೋಗಿ, "ಆಂಟಿ, ನಿಮ್ಮ ಮಿಕ್ಸಿ ಇರೋ ಜಾಗದ ಕೆಳಗೇ ನಮ್ಮತ್ತೆ ಮಲಗೋದು" ಅನ್ನಿ. ತಮ್ಮ ಅಡುಗೆಕಟ್ಟೆಯ ಕೆಳಗೆ ಯಾರ ಮಂಚವಿದೆ ಅನ್ನುವುದು ಹೆಚ್ಚಿನವರಿಗೆ ನಿಜಕ್ಕೂ ಗೊತ್ತಿರುವುದಿಲ್ಲ. ವಾಟ್ಸಾಪ್ ಗುಂಪಿನಲ್ಲಂತೂ ಹಾಕಲೇಬೇಡಿ. ಎಲ್ಲರೆದುರು ಮರ್ಯಾದೆ ಹೋದವರು ಸದ್ದು ಕಡಿಮೆ ಮಾಡಿದ್ದನ್ನು ನಾನು ಕಂಡಿಲ್ಲ, ಜಾಸ್ತಿ ಮಾಡಿದ್ದನ್ನು ಕಂಡಿದ್ದೇನೆ.

4. ಮನುಷ್ಯರ ಮಾತು ಬಿಟ್ಟು ಸಾಮಾನಿನ ಮಾತಾಡಿ. ಮಿಕ್ಸಿಯ ಕೆಳಗೆ ದಪ್ಪ ರಬ್ಬರ್ ಮ್ಯಾಟು, ಕುರ್ಚಿಯ ಕಾಲಿಗೆ ಬುಷ್, ನಾಲ್ಕೂ ಕಾಲು ಸಮವಾಗಿ ಕೂತ ವಾಷಿಂಗ್ ಮಷೀನು, ನೆಲದಿಂದ ಎತ್ತಿಟ್ಟ ವೂಫರ್. ಬುಷ್‌ಗಳನ್ನು ನೀವೇ ಕೊಂಡು ಒಯ್ದರೆ ಇನ್ನೂ ಒಳ್ಳೆಯದು.

5. ಗೋಡೆಗೆ ಮೊಟ್ಟೆಯ ಟ್ರೇ, ಫೋಮ್ ಹಚ್ಚುವ ದುಡ್ಡು ಉಳಿಸಿ. ಅವು ಕೋಣೆಯೊಳಗಿನ ಪ್ರತಿಧ್ವನಿ ತಗ್ಗಿಸುತ್ತವೆ ಅಷ್ಟೆ. ಹೊರಗಿನ ಸದ್ದಿಗೆ ಬೇಕಾದ್ದು ಭಾರದ ತಡೆ ಮತ್ತು ಮುಚ್ಚಿದ ಸಂದಿ. ಕಿಟಕಿ, ಬಾಗಿಲಿನ ಸಂದುಗಳಿಗೆ ರಬ್ಬರ್ ಪಟ್ಟಿ ಹಾಕಿಸಿ.

6. ಕಾನೂನು ತಿಳಿದಿರಲಿ, ಮೊದಲ ಮಾತಿನಲ್ಲೇ ತೆಗೆಯಬೇಡಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ಖಾಸಗಿ ಸೌಂಡ್ ಸಿಸ್ಟಂ ಆ ಜಾಗದ ಗಡಿಯಲ್ಲಿ ಈ ಮಿತಿಗಿಂತ 5 ಡೆಸಿಬೆಲ್‌ಗೂ ಹೆಚ್ಚು ಮೀರುವಂತಿಲ್ಲ. ಹಬ್ಬಗಳಿಗೆಂದು ರಾಜ್ಯ ಸರ್ಕಾರ ಧ್ವನಿವರ್ಧಕಕ್ಕೆ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಫೋನಿನ ಆ್ಯಪ್ ತೋರಿಸುವ ಡೆಸಿಬೆಲ್ ನಿಮ್ಮ ಅಂದಾಜಿಗೆ ಮಾತ್ರ. ಅದನ್ನು ಸಾಕ್ಷಿ ಅಂತ ಹಿಡಿದುಕೊಂಡು ಠಾಣೆಗೆ ಹೋಗಬೇಡಿ.

7. ಬಾಡಿಗೆಯ ಹುಡುಗರ ಪಾರ್ಟಿಯಾದರೆ ಮನೆ ಮಾಲೀಕರಿಗೆ ಒಂದು ಫೋನ್ ಮಾಡಿ. ಅಡ್ವಾನ್ಸ್ ಅವರ ಕೈಯಲ್ಲಿರುತ್ತದೆ! ಅದಕ್ಕೂ ಬಗ್ಗದ ಡಿಜೆಗೆ 112. ಒಂದೇ ಮನೆಯಿಂದ ಹೋದ ಕರೆಗಿಂತ ಮೂರು ಮನೆಗಳ ಕರೆಗೆ ತೂಕ ಹೆಚ್ಚು. ಪೊಲೀಸರ ಹೊಯ್ಸಳ ವಾಹನ ಬಂದು ಹೋದ ಮೇಲೆ ಸದ್ದು ಮತ್ತೆ ಶುರುವಾದರೆ, ಬರೆದಿಟ್ಟ ಪಟ್ಟಿಯೊಂದಿಗೆ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

8. ಮೂರು ವರ್ಷದ ಮಗುವಿನ ಓಟಕ್ಕೆ, ಅಜ್ಜನ ರಾತ್ರಿ ಕೆಮ್ಮಿಗೆ ದೂರು ಬರೆಸಿಕೊಂಡು ಬಂದವರಿಗೆ ನಾನು ಹೇಳುತ್ತಿದ್ದದ್ದು ಇಷ್ಟೇ: ಮಂಚವನ್ನು ಇನ್ನೊಂದು ಕೋಣೆಗೆ ಹಾಕಿ ನೋಡಿ.