ಎರವಲು ದನಿ: ರೀಮಿಕ್ಸ್ ಮತ್ತು ಕೃತಿಸ್ವಾಮ್ಯ ಕುರಿತ ಧ್ವನಿರೂಪಕಕ್ಕೊಂದು ಯೋಜನೆ

ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ‘ಶಬ್ದ’ ಘಟಕ ಮುಗಿದ ಮೇಲೆ ಮಾಡಿಸಲೆಂದು ಸಿದ್ಧಪಡಿಸಿದ ಚಟುವಟಿಕೆಯ ರೂಪರೇಷೆ ಇದು. ವಿದ್ಯಾರ್ಥಿಗಳು ಐದು ಅವಧಿಗಳಲ್ಲಿ ಹತ್ತು ನಿಮಿಷದ ಧ್ವನಿರೂಪಕವೊಂದನ್ನು ತಯಾರಿಸಬೇಕು. ವಿಷಯ: ರೀಮಿಕ್ಸ್ ಹಾಡುಗಳು ಮತ್ತು ಕೃತಿಸ್ವಾಮ್ಯ ಕಾಯಿದೆ. (‘ಧ್ವನಿ ಸಾಕ್ಷ್ಯಚಿತ್ರ’ ಎಂಬ ಮಾತೂ ಇದೆ. ಚಿತ್ರವೇ ಇಲ್ಲದ್ದನ್ನು ಸಾಕ್ಷ್ಯಚಿತ್ರ ಎನ್ನುವುದಕ್ಕಿಂತ ಆಕಾಶವಾಣಿಯವರ ‘ರೂಪಕ’ವೇ ನನಗೆ ಹಿಡಿಸಿತು.)

ವಿಜ್ಞಾನ ಶಿಕ್ಷಕರಿಗೆ ಕಾಯಿದೆಯ ಗೊಡವೆ ಏಕೆ ಎಂದು ಕೇಳಬಹುದು. ಹಾಡೊಂದನ್ನು ಒಂದೂವರೆ ಪಟ್ಟು ವೇಗದಲ್ಲಿ ನುಡಿಸಿದರೆ 200 ಹರ್ಟ್ಸ್‌ನ ಸ್ವರ 300 ಹರ್ಟ್ಸ್ ಆಗುತ್ತದೆ, ಮೂರು ನಿಮಿಷದ ಹಾಡು ಎರಡೇ ನಿಮಿಷಕ್ಕೆ ಮುಗಿಯುತ್ತದೆ. ‘ಆಡಾಸಿಟಿ’ ಎಂಬ ಉಚಿತ ತಂತ್ರಾಂಶದಲ್ಲಿ ವೇಗ, ಲಯ, ಸ್ಥಾಯಿ ಮೂರನ್ನೂ ಬೇರೆಬೇರೆಯಾಗಿ ಬದಲಿಸಬಹುದು. ಆವೃತ್ತಿಗೂ ಸ್ಥಾಯಿಗೂ ಇರುವ ನಂಟನ್ನು ಇದಕ್ಕಿಂತ ಚೆನ್ನಾಗಿ ಕಿವಿಗೆ ತಲುಪಿಸುವ ಉಪಕರಣ ನಮ್ಮ ಪ್ರಯೋಗಾಲಯದಲ್ಲಿಲ್ಲ. ಆದರೆ ಆ ಗುಂಡಿ ಒತ್ತಿದ ಕೂಡಲೇ ವಿದ್ಯಾರ್ಥಿ ಇನ್ನೊಬ್ಬರ ದನಿಯನ್ನು ತಿದ್ದಿರುತ್ತಾನೆ. ಕಾಯಿದೆಯ ಪ್ರಶ್ನೆ ಹೊರಗಿನಿಂದ ತಂದು ಅಂಟಿಸಿದ್ದಲ್ಲ, ಅಲ್ಲಿಯೇ ಹುಟ್ಟುವಂಥದ್ದು.

ಮೊದಲ ಅವಧಿಯನ್ನು ಒಂದು ತಪ್ಪು ಕಲ್ಪನೆಗೆ ಮೀಸಲಿಟ್ಟಿದ್ದೇನೆ. ‘ಹತ್ತು ಸೆಕೆಂಡಿನೊಳಗಿದ್ದರೆ ಯಾರೂ ಕೇಳುವುದಿಲ್ಲ’ ಎಂಬುದು ಮಕ್ಕಳಲ್ಲಷ್ಟೇ ಅಲ್ಲ, ನಮ್ಮಲ್ಲೂ ಇರುವ ನಂಬಿಕೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮಿನಲ್ಲಿ ಸೆಕೆಂಡುಗಳ ಲೆಕ್ಕವೇ ಇಲ್ಲ. ಅಲ್ಲಿರುವುದು ಉದ್ದೇಶದ ಲೆಕ್ಕ: ಖಾಸಗಿ ಅಧ್ಯಯನ, ವಿಮರ್ಶೆ, ಪ್ರಚಲಿತ ವಿದ್ಯಮಾನದ ವರದಿ ಮುಂತಾದವು. ಶಾಲೆಯ ಚಟುವಟಿಕೆಯ ಭಾಗವಾಗಿ ಧ್ವನಿಮುದ್ರಣ ಕೇಳಿಸಲು ಅದೇ ಕಲಮು ಅವಕಾಶ ಕೊಡುತ್ತದೆ. ಆದರೆ ಕೇಳುಗರು ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಮತ್ತು ಆ ಚಟುವಟಿಕೆಗೆ ಸಂಬಂಧಿಸಿದವರಷ್ಟೇ ಆಗಿರಬೇಕು. ಅಂದರೆ ತರಗತಿಯಲ್ಲಿ ತೊಂದರೆ ಕೊಡದ ಕಡತವೇ ಯೂಟ್ಯೂಬ್ ಏರಿದರೆ ಆ ರಕ್ಷಣೆ ಕಳೆದುಕೊಳ್ಳುತ್ತದೆ. ಆದ್ದರಿಂದ ರೂಪಕವನ್ನು ಎಲ್ಲಿ ಕೇಳಿಸುತ್ತೇವೆ ಎಂಬುದನ್ನು ಕೊನೆಗೆ ಬಿಡದೆ, ಬರವಣಿಗೆ ಶುರುವಾಗುವ ಮೊದಲೇ ತೀರ್ಮಾನಿಸಬೇಕು.

ಎರಡನೇ ಅವಧಿಯಲ್ಲಿ ಒಂದು ಹಾಡನ್ನು ಮೂರು ಪದರಗಳಾಗಿ ಬಿಡಿಸುವುದು: ಸಾಹಿತ್ಯ, ರಾಗಸಂಯೋಜನೆ, ಧ್ವನಿಮುದ್ರಣ. ಮೂರಕ್ಕೂ ಒಡೆಯರು ಬೇರೆಬೇರೆ ಇರಬಹುದು, ಅವಧಿಯೂ ಬೇರೆ. ಇಲ್ಲಿ ಕಪ್ಪುಹಲಗೆಯ ಮೇಲೆ ಒಂದು ಲೆಕ್ಕ ಮಾಡಿಸುತ್ತೇನೆ. 1960ರಲ್ಲಿ ಪ್ರಕಟವಾದ ಧ್ವನಿಮುದ್ರಣದ ಸ್ವಾಮ್ಯ ಅರವತ್ತು ವರ್ಷಕ್ಕೆ, ಅಂದರೆ 2020ರ ಕೊನೆಗೆ ಮುಗಿಯಿತು. ಅದರ ಸಂಯೋಜಕರು 1993ರಲ್ಲಿ ತೀರಿಕೊಂಡಿದ್ದರೆ ರಾಗದ ಮೇಲಿನ ಹಕ್ಕು 2053ರ ಕೊನೆಯವರೆಗೆ ಉಳಿಯುತ್ತದೆ. ‘ಹಳೇ ಹಾಡು, ಯಾರದೂ ಅಲ್ಲ’ ಎನ್ನುವ ಮಾತು ಇಲ್ಲಿಗೇ ನಿಲ್ಲುತ್ತದೆ.

ಪದರಗಳು ಅರ್ಥವಾದರೆ ‘ಕಾಂಟಾ ಲಗಾ’ ಅರ್ಥವಾಗುತ್ತದೆ. 1972ರ ‘ಸಮಾಧಿ’ ಚಿತ್ರಕ್ಕೆ ಆರ್.ಡಿ. ಬರ್ಮನ್ ಸಂಯೋಜಿಸಿ ಲತಾ ಮಂಗೇಶ್ಕರ್ ಹಾಡಿದ್ದು 2002ರಲ್ಲಿ ರೀಮಿಕ್ಸ್ ಆಗಿ ದೇಶವನ್ನೆಲ್ಲ ಕುಣಿಸಿತು. ಆ ಕಾಲದಲ್ಲಿ ಮೂಲ ಮುದ್ರಣವಾದ ವರ್ಷ ಕಳೆದು ಎರಡು ವರ್ಷವಾಗಿದ್ದರೆ, ನೋಟಿಸು ಕೊಟ್ಟು ರಾಯಧನ ಕಟ್ಟಿ ಬೇರೆ ದನಿಯಲ್ಲಿ ಮರುಮುದ್ರಿಸಲು ಕಾಯಿದೆಯೇ ದಾರಿ ಬಿಟ್ಟಿತ್ತು. 2012ರ ತಿದ್ದುಪಡಿ ಆ ದಾರಿಯನ್ನು ಕಿರಿದು ಮಾಡಿತು: ಕಾಯಬೇಕಾದದ್ದು ಐದು ವರ್ಷ, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಧನ, ತಾಂತ್ರಿಕವಾಗಿ ಅನಿವಾರ್ಯವಲ್ಲದ ಬದಲಾವಣೆಗೆ ಅವಕಾಶವಿಲ್ಲ.

ರೂಪಕದ ನಡುಭಾಗಕ್ಕೆ ನಾನು ಆರಿಸಿಕೊಂಡಿರುವುದು ಬೇರೊಂದು ಪ್ರಕರಣ. 1981ರ ‘ಜ್ಯೋತಿ’ ಚಿತ್ರದ ‘ಥೋಡಾ ರೇಶಮ್ ಲಗ್ತಾ ಹೈ’ ಹಾಡಿನ ಸಂಯೋಜಕರು ಬಪ್ಪಿ ಲಾಹಿರಿ, ಹಾಡಿದವರು ಲತಾ. ಅದರ ಮುದ್ರಣದ ತುಣುಕನ್ನೇ ಎತ್ತಿ ಅಮೆರಿಕದ ನಿರ್ಮಾಪಕ ಡಿಜೆ ಕ್ವಿಕ್ 2002ರಲ್ಲಿ ಟ್ರೂತ್ ಹರ್ಟ್ಸ್ ಎಂಬ ಗಾಯಕಿಯ ‘ಅಡಿಕ್ಟಿವ್’ ಹಾಡು ಕಟ್ಟಿದರು. ಅನುಮತಿ ಇರಲಿಲ್ಲ, ಲಾಹಿರಿಯವರ ಹೆಸರೂ ಇರಲಿಲ್ಲ. 2003ರಲ್ಲಿ ಲಾಸ್ ಏಂಜಲೀಸ್‌ನ ಫೆಡರಲ್ ನ್ಯಾಯಾಲಯ, ಲಾಹಿರಿಯವರ ಹೆಸರು ಸೇರಿಸುವವರೆಗೆ ಆಲ್ಬಮ್ ಮಾರಬಾರದೆಂದು ಆದೇಶಿಸಿತು. ನಮ್ಮ ಕಾಯಿದೆಯ 57ನೇ ಕಲಮೂ ಹಕ್ಕು ಮಾರಿದ ಮೇಲೂ ಕೃತಿಕಾರನ ಹೆಸರಿನ ಹಕ್ಕನ್ನು ಉಳಿಸುತ್ತದೆ. ನನ್ನ ಮಟ್ಟಿಗೆ ಹದಿನಾಲ್ಕರ ಮಕ್ಕಳಿಗೆ ರಾಯಧನಕ್ಕಿಂತ ಇದು ಬೇಗ ನಾಟುತ್ತದೆ. ಯಾರೋ ತಮ್ಮ ಚಾರ್ಟ್ ಮೇಲೆ ತಮ್ಮ ಹೆಸರು ಬರೆದುಕೊಂಡರೆ ಆಗುವ ಸಂಕಟ ಅವರಿಗೆ ಗೊತ್ತು.

‘ಕಾಂತಾರ’ದ ‘ವರಾಹ ರೂಪಂ’ ವಿವಾದವನ್ನು ಮಕ್ಕಳೇ ಎತ್ತುತ್ತಾರೆ, ಆಗ ಎರಡು ಮಾತು ಸಾಕು. 2022ರಲ್ಲಿ ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ತಮ್ಮ ‘ನವರಸಂ’ಗೆ ಹೋಲುತ್ತದೆಂದು ಕೋಯಿಕ್ಕೋಡ್ ನ್ಯಾಯಾಲಯಕ್ಕೆ ಹೋಯಿತು, ಚಿತ್ರ ಒಟಿಟಿಗೆ ಬಂದಾಗ ಆ ಜಾಗದಲ್ಲಿ ಬೇರೆ ಸಂಗೀತವಿತ್ತು, ಮುಂದೆ ಮೂಲ ಹಾಡೇ ಮರಳಿತು. ಅಲ್ಲಿನ ಪ್ರಶ್ನೆ ಹೋಲಿಕೆಯದು, ತುಣುಕು ಕತ್ತರಿಸಿದ್ದರದ್ದಲ್ಲ. ಯಾವ ಪದರದ ಜಗಳ ಇದು ಎಂದು ಕೇಳಿ ಮುಂದೆ ಸಾಗಬೇಕು.

ಇನ್ನು ಬರವಣಿಗೆ. ಮುದ್ರಿತ ಪಾಠದಲ್ಲಿ ಹಾಡಿನ ಹೆಸರು ಹೇಳಿದರೆ ಸಾಕು. ಧ್ವನಿಯಲ್ಲಿ ಕೇಳಿಸದೆ ಹೇಳಿದರೆ ಕೇಳುಗನಿಗೆ ಏನೂ ದಕ್ಕುವುದಿಲ್ಲ. ಹೀಗಾಗಿ ನನ್ನ ನಿಯಮ ಒಂದೇ. ತುಣುಕಿನ ಮುಂಚೆ ‘ಏನನ್ನು ಕೇಳಬೇಕು’ ಎಂಬ ಒಂದು ವಾಕ್ಯ, ನಂತರ ‘ಏನು ಕೇಳಿಸಿತು’ ಎಂಬ ಒಂದು ವಾಕ್ಯ. ಈ ಎರಡನ್ನು ಬರೆಯಲಾಗದಿದ್ದರೆ ಆ ತುಣುಕು ಬರೀ ಅಲಂಕಾರ, ತೆಗೆದುಬಿಡಬೇಕು. ವಿಮರ್ಶೆಗಾಗಿ ಬಳಸಿದ್ದೇವೆ ಎಂದು ಹೇಳಿಕೊಳ್ಳಲು ಆಧಾರವೂ ಆ ಎರಡು ವಾಕ್ಯಗಳೇ. ಹಿನ್ನೆಲೆ ಸಂಗೀತ ಬೇಡವೇ ಬೇಡ.

ಮೂರು ಮತ್ತು ನಾಲ್ಕನೇ ಅವಧಿಗಳಲ್ಲಿ ಮಕ್ಕಳು ತಾವೇ ರೀಮಿಕ್ಸ್ ಮಾಡುವುದಕ್ಕೆ ಸಿನಿಮಾ ಹಾಡು ಕೊಡುವುದಿಲ್ಲ. ಯಾರಾದರೊಬ್ಬರ ಅಜ್ಜಿಯಿಂದ ಬೀಸುವ ಪದವೊಂದನ್ನು ಮೊಬೈಲಿನಲ್ಲಿ ಮುದ್ರಿಸಿ ತರಬೇಕು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಫೋನನ್ನು ಬಾಯಿಂದ ಒಂದು ಗೇಣು ದೂರದಲ್ಲಿ ಹಿಡಿದರೆ ಸಾಕಷ್ಟು ಚೆನ್ನಾಗಿ ಬರುತ್ತದೆ. ತಲೆಮಾರುಗಳಿಂದ ಬಂದ ಪದಕ್ಕೆ ಒಡೆಯರಿಲ್ಲ. ಆದರೆ ಹಾಡಿದ ದನಿಗೆ ಇದ್ದಾರೆ. ಕಾಯಿದೆಯಲ್ಲಿ ಅದಕ್ಕೆ ಪ್ರದರ್ಶಕರ ಹಕ್ಕು ಎಂಬ ಪ್ರತ್ಯೇಕ ಏರ್ಪಾಟಿದೆ. ಮುದ್ರಿಸುವ ಮುನ್ನ ಒಪ್ಪಿಗೆ ಕೇಳಬೇಕು, ಆ ಒಪ್ಪಿಗೆಯ ಮಾತನ್ನೂ ಮುದ್ರಿಸಿಕೊಳ್ಳಬೇಕು. ಲಯ ಏರಿಸಿ ತಾಳ ಸೇರಿಸಿದ ಮೇಲೆ ಮೊದಲು ಕೇಳಬೇಕಾದವರು ಅವರೇ. ಮೌಲ್ಯಮಾಪನದ ಹತ್ತು ಅಂಕಗಳಲ್ಲಿ ನಾಲ್ಕನ್ನು ಈ ಹೆಜ್ಜೆಗೇ ಇಟ್ಟಿದ್ದೇನೆ.

‘ನನ್ನ ದನಿ ಹೀಗೆ ಕುಣಿಸಬೇಡ ಮಗಾ’ ಎಂದು ಅಜ್ಜಿ ಹೇಳಿದರೆ? ಐದನೇ ಅವಧಿಯ ಅರ್ಧವನ್ನು ಅದಕ್ಕೆಂದೇ ಖಾಲಿ ಬಿಟ್ಟಿದ್ದೇನೆ. ಆಗ ರೀಮಿಕ್ಸನ್ನು ಅಳಿಸಿ, ಅವರು ಬೇಡವೆಂದದ್ದಕ್ಕೆ ಕೊಟ್ಟ ಕಾರಣವನ್ನು, ಅವರು ಒಪ್ಪಿದರೆ ಅವರದೇ ಮಾತಿನಲ್ಲಿ, ಆ ಜಾಗದಲ್ಲಿ ಕೇಳಿಸುವುದು.